ಗುರೂಜಿಯ ಉಳಿದ ಸರದಿ

ನಮ್ಮ ವಾಚನಾಲಯದ ಚರ್ಚೆಗೆ ಒಂದು ಕಾಯಿದೆ ಇತ್ತು. ಎದುರಿನವರಿಗೆ ಉತ್ತರ ಕೊಡುವ ಮೊದಲು ಅವರು ಆಡಿದ ಮಾತನ್ನು ನೀವು ಹೇಳಿ ತೋರಿಸಬೇಕು, ಅದೂ ಅವರ ಭಾಷೆಯಲ್ಲಿ. ಮರಾಠಿಯಲ್ಲಿ ಆಡಿದ್ದನ್ನು ಮರಾಠಿಯಲ್ಲಿ, ಕನ್ನಡದಲ್ಲಿ ಆಡಿದ್ದನ್ನು ಕನ್ನಡದಲ್ಲಿ. 'ಅವರು ಹೀಗೆಂದರು' ಎಂದು ಸಾರಾಂಶ ಒಪ್ಪಿಸಿದರೆ ನಡೆಯುತ್ತಿರಲಿಲ್ಲ. ನಿಮ್ಮದೇ ಮಾತು ಎನ್ನುವ ಹಾಗೆ, 'ನಾನು' ಎಂದೇ ಶುರು ಮಾಡಬೇಕು. ಮುಗಿದ ಮೇಲೆ ಮಾತಿನ ಮಾಲೀಕರು, "ಹೌದ್ರಿ, ಇದ ನನ್ನ ಮಾತು" ಅನ್ನಬೇಕು. ತಪ್ಪಿದ್ದರೆ "ಇನ್ನೊಮ್ಮೆ" ಅನ್ನುತ್ತಾರೆ. ಅವರು ಹೌದು ಅನ್ನುವ ತನಕ ನೀವು ನಿಂತೇ ಇರಬೇಕು, ಕೂಡುವ ಹಾಗಿಲ್ಲ.

ಈ ಕಾಯಿದೆ ತಂದವರು ಶಿರಗುಪ್ಪಿಯ ಒಬ್ಬ ಅರಿಶಿನದ ದಲಾಲರು. ಜೈನರು, ಎಪ್ಪತ್ತು ದಾಟಿದವರು, ಬಿಳಿ ಟೋಪಿ ಇಲ್ಲದೆ ಹೊರಗೆ ಕಾಲಿಡದವರು. ನಾವೆಲ್ಲ ಅವರನ್ನು ಅಣ್ಣಾರ ಅನ್ನುತ್ತಿದ್ದೆವು. ಇತಿಹಾಸ ಓದುವ ಹುಚ್ಚು ಅವರಿಗೆ. ಅಂಗಡಿಯ ಗಾದಿಯ ಮೇಲೆ ಒಂದು ಪಕ್ಕ ಅರಿಶಿನದ ಮಾದರಿ ಚೀಲ, ಇನ್ನೊಂದು ಪಕ್ಕ ಪುಸ್ತಕ. ಕಾಯಿದೆ ಎಲ್ಲಿಂದ ಬಂತು ಎಂದು ಒಮ್ಮೆ ಕೇಳಿದ್ದಕ್ಕೆ ನಕ್ಕರು. "ಅಕ್ಕಾರ, ದಲಾಲನ ಕೆಲಸ ಏನ ಹೇಳ್ರಿ? ಕೊಳ್ಳಾಂವನ ಮಾತು ಮಾರಾಂವನ ಕಿವಿಗೆ, ಮಾರಾಂವನ ಮಾತು ಕೊಳ್ಳಾಂವನ ಕಿವಿಗೆ. ನಡಕ ನನ್ನ ಮಾತು ಕಲಸಿದೆ ಅಂದ್ರ ಅಂಗಡಿ ಬಾಗಲಾ ಹಾಕ್ಕೊಂಡಂಗ."

ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು. ಅಥಣಿಯಲ್ಲಿ ಮನೆ. ತಿಂಗಳಿಗೊಂದು ರವಿವಾರ ಮಧ್ಯಾಹ್ನ ಬಸ್ಸು ಹಿಡಿದು ಕಾಗವಾಡಕ್ಕೆ ಹೋಗುತ್ತಿದ್ದೆ. ವಾಚನಾಲಯ ಎಂದರೆ ದೊಡ್ಡದೇನೂ ಅಲ್ಲ. ಕೆಳಗೆ ಗೊಬ್ಬರದ ಅಂಗಡಿ, ಮೇಲೆ ಒಂದು ಉದ್ದನೆಯ ಖೋಲಿ. ಗೊಬ್ಬರದ ವಾಸನೆಯಲ್ಲೇ ನಾವು ಸಾಮ್ರಾಜ್ಯಗಳನ್ನು ಎತ್ತಿದೆವು, ಕೆಡವಿದೆವು. ಆದಿಲಶಾಹಿಯ ಕಂದಾಯ ಹಗುರವಿತ್ತೋ ಪೇಶವೆಯವರದ್ದೋ, ಸಕ್ಕರೆ ಕಾರ್ಖಾನೆ ಸಹಕಾರಿ ಇರಬೇಕೋ ಖಾಸಗಿ ಇರಬೇಕೋ, ನಮ್ಮ ಜನಪದ ಸಣ್ಣಾಟ ಮರಾಠಿ ತಮಾಷಾದಿಂದ ಕಲಿಯಿತೋ ತಮಾಷಾ ಸಣ್ಣಾಟದಿಂದ ಕಲಿಯಿತೋ. ಟಿವಿಯಲ್ಲಿ ತಜ್ಞರು ಒಬ್ಬರ ಬಾಯಿ ಒಬ್ಬರು ಮುಚ್ಚಿಸುವ ಕಾರ್ಯಕ್ರಮ ನೋಡಿದಾಗಲೆಲ್ಲ ನನಗೆ ನಮ್ಮ ಖೋಲಿ ನೆನಪಾಗಿ ಜಂಬ ಬರುತ್ತಿತ್ತು. ಆ ತಜ್ಞರಿಗೆ ನಮ್ಮ ಕಾಯಿದೆ ಹಾಕಿದ್ದರೆ ಅರ್ಧ ತಾಸಿನಲ್ಲಿ ಕಾಲು ನೋವು ಬಂದು ಮನೆಗೆ ಹೋಗುತ್ತಿದ್ದರು.

ನನಗಾದರೂ ಕಾಲು ನೋವು ತಪ್ಪಿರಲಿಲ್ಲ. ನಾನು ಹುಟ್ಟಿದ್ದು ಹೊಳೆದಂಡೆಯ ಸತ್ತಿ ಎಂಬ ಹಳ್ಳಿಯಲ್ಲಿ. ಕೃಷ್ಣೆಯ ನೀರು ಮನೆಯ ಹೊಸ್ತಿಲು ದಾಟುವುದನ್ನು ಕಣ್ಣಾರೆ ಕಂಡವಳು. ಮಹಾಪೂರದ ಬಗ್ಗೆ ಚರ್ಚೆ ಬಂದಾಗ ಮೇಲಿನ ಅಣೆಕಟ್ಟಿನವರ ಮೇಲೆ ನನ್ನ ಸಿಟ್ಟು ಏರುತ್ತಿತ್ತು. ಒಮ್ಮೆ ಅಣ್ಣಾರು ಆ ಕಡೆಯ ವಾದ ಹಿಡಿದಿದ್ದರು. ನಾನು ಅವರ ಮಾತನ್ನು ಹೇಳುವಾಗ ನಡುನಡುವೆ ಒಂದೊಂದು ಚುಚ್ಚು ಸೇರಿಸುತ್ತಿದ್ದೆ. ಅವರು ಕೈ ಕಟ್ಟಿ ಕುಳಿತು "ಇನ್ನೊಮ್ಮೆ" ಅಂದರು. ಮತ್ತೆ ಹೇಳಿದೆ. "ಇನ್ನೊಮ್ಮೆ." ಕೊನೆಗೆ ನನ್ನ ಸಿಟ್ಟೇ ದಣಿದು, ಚುಚ್ಚು ಉದುರಿ, ಮಾತು ಮಾತ್ರ ಉಳಿಯಿತು. ಆಗ ಹೌದೆಂದರು. ಬಸ್ಸಿನಲ್ಲಿ ವಾಪಸು ಬರುವಾಗ, ಅಣೆಕಟ್ಟಿನ ಬಾಗಿಲು ತೆರೆಯಲೂ ಆಗದೆ ಮುಚ್ಚಲೂ ಆಗದೆ ಮಳೆ ನೋಡುತ್ತ ಕುಳಿತ ಒಬ್ಬ ಅಧಿಕಾರಿ ಮೊದಲ ಸಲ ನನ್ನ ಕಣ್ಣ ಮುಂದೆ ಬಂದ. ಅವನ ಮೇಲೆ ಪ್ರೀತಿಯೇನೂ ಹುಟ್ಟಲಿಲ್ಲ, ಆದರೆ ಬೈಯುವುದರಲ್ಲಿದ್ದ ಮೊದಲಿನ ಸುಖ ಹೋಯಿತು.

ನಮ್ಮ ಚರ್ಚೆ ಯಾವತ್ತೂ ಹೊತ್ತು ಮುಳುಗುವ ಮೊದಲೇ ಮುಗಿಯುತ್ತಿತ್ತು. ಅಣ್ಣಾರಿಗೆ ಕತ್ತಲಾದ ಮೇಲೆ ಊಟವಿಲ್ಲ. ಪಶ್ಚಿಮದ ಕಿಟಕಿಯ ಬಿಸಿಲು ಗೋಡೆಯಲ್ಲಿ ಮೇಲೇರುತ್ತ ಪುಸ್ತಕದ ಕಪಾಟಿನ ಬೀಗಕ್ಕೆ ಮುಟ್ಟಿತೆಂದರೆ ಯಾವ ಸಾಮ್ರಾಜ್ಯವಿದ್ದರೂ ಅಲ್ಲಿಗೇ ನಿಲ್ಲಬೇಕು. ಅಷ್ಟರಲ್ಲಿ ಅವರ ಹೆಂಡತಿಯ ಫೋನೂ ಬರುತ್ತಿತ್ತು. ಅವರನ್ನು ನಾವು ವೈನಿ ಅನ್ನುತ್ತಿದ್ದೆವು. "ರೊಟ್ಟಿ ಆಗ್ಯಾವ, ಬರ್ತೀರೋ, ನಾನೂ ಉಪಾಸ ಮಲಗ್ಲೋ?" ಎಂಬ ಅವರ ದನಿ ಖೋಲಿಗೆಲ್ಲ ಕೇಳಿಸುತ್ತಿತ್ತು. ಅರ್ಧಕ್ಕೆ ನಿಂತ ಸರದಿ ಮುಂದಿನ ತಿಂಗಳಿಗೆ ಉಳಿಯುತ್ತಿತ್ತು. ಉಳಿದ ಸರದಿಯಿಂದಲೇ ಮುಂದಿನ ಸಭೆ ಶುರುವಾಗುವುದು ರೂಢಿ.

ದಸರೆ ಕಳೆದ ಮೇಲಿನ ಒಂದು ರವಿವಾರ ಗಡಿಯ ಚರ್ಚೆ ಇಟ್ಟುಕೊಂಡೆವು. ಬೇಡ ಎಂದು ನಾನೇ ಹೇಳಿದ್ದೆ. ನವೆಂಬರ್ ಹತ್ತಿರ ಬಂದರೆ ನಮ್ಮ ಕಡೆ ಗಾಳಿಯೇ ಬೇರೆ. ಅಣ್ಣಾರು ಕೇಳಲಿಲ್ಲ. "ಬಾಕಿ ಎಲ್ಲಾ ಮಾತಾಡಿ ಇದೊಂದ ಬಿಟ್ರ ನಾವು ಆಡಿದ್ದೆಲ್ಲಾ ಹುಡುಗಾಟಿಕಿ ಆಗತೈತ್ರಿ," ಅಂದರು.

ನಿಪ್ಪಾಣಿಯಿಂದ ಒಬ್ಬ ನಿವೃತ್ತ ಮರಾಠಿ ಶಾಲೆಯ ಮಾಸ್ತರರು ಬಂದರು. ನಾವು ಅವರನ್ನು ಗುರೂಜಿ ಎಂದೇ ಕರೆದೆವು. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ, ಬೆವರು ಒರೆಸಿಕೊಳ್ಳುತ್ತ ಬಂದ ತೆಳ್ಳನೆಯ ಮನುಷ್ಯ. ಜೀವಮಾನವಿಡೀ ತಮ್ಮ ಊರು ಗಡಿಯ ಆಚೆ ಸೇರಬೇಕೆಂದು ಹೋರಾಡಿದವರು. ಅವರು ಮರಾಠಿಯಲ್ಲಿ ಮಾತಾಡಿದರು. ಘೋಷಣೆ ಇರಲಿಲ್ಲ. ತಾಯಿ ತೀರಿಕೊಂಡಾಗ ಕಚೇರಿಯಿಂದ ಬಂದ ಕನ್ನಡ ದಾಖಲೆಯಲ್ಲಿ ತಾಯಿಯ ಹೆಸರನ್ನು ತನಗೇ ಓದಲು ಬರಲಿಲ್ಲ, ಪಕ್ಕದ ಮನೆಯವರಿಂದ ಓದಿಸಬೇಕಾಯಿತು ಎಂದರು. ಆ ಒಂದು ಮಾತಿನ ಸುತ್ತಲೇ ಉಳಿದದ್ದೆಲ್ಲ ಇತ್ತು.

ಉತ್ತರ ಕೊಡಬೇಕಾದವರು ಅಣ್ಣಾರು. ಅವರು ಮನೆಯಲ್ಲಿ ಕನ್ನಡ ಆಡುವವರು. ಊರಿನ ಕನ್ನಡ ಶಾಲೆಗೆ ಜಾಗ ಬಿಟ್ಟುಕೊಟ್ಟವರು. ರಾಜ್ಯೋತ್ಸವಕ್ಕೆ ಪ್ರತಿ ವರ್ಷ ಅಲ್ಲಿ ಧ್ವಜ ಏರಿಸುತ್ತಿದ್ದವರು. ಎದ್ದು ನಿಂತರು. ಕಾಯಿದೆಯಂತೆ ಮೊದಲು ಗುರೂಜಿಯ ಮಾತು, ಗುರೂಜಿಯ ಭಾಷೆಯಲ್ಲಿ, 'ನಾನು' ಎಂದೇ. ನನ್ನ ತಾಯಿಯ ಹೆಸರು ನನಗೆ ಓದಲು ಬರಲಿಲ್ಲ ಎಂದು ಅವರು ಮರಾಠಿಯಲ್ಲಿ ಹೇಳುವಾಗ ದನಿ ನಡುಗಿತು. ನಟನೆಯಲ್ಲ. ಅಣ್ಣಾರು ಆಗ ತಮ್ಮ ತಾಯಿಯನ್ನೇ ನೆನೆದಿದ್ದರೆಂದು ನನ್ನ ನಂಬಿಕೆ. ಆದ್ದರಿಂದ ನನ್ನ ಊರು ನನ್ನ ಮಾತಿನ ನಾಡಿಗೆ ಸೇರಬೇಕು ಎಂದು ಮುಗಿಸಿದರು. ಗುರೂಜಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಹೋಯ್, ಹೇಚ ಮಾಝಂ ಮ್ಹಣಣಂ," ಎಂದರು. ಹೌದು, ಇದೇ ನನ್ನ ಮಾತು.

ಆಮೇಲೆ ಅಣ್ಣಾರು ತಮ್ಮ ಮಾತಿಗೆ ಬಂದರು, ಕನ್ನಡದಲ್ಲಿ. ಅದನ್ನು ನಾನು ಮರೆಯುವುದಿಲ್ಲ.

"ಗುರೂಜಿ, ನಿಮ್ಮ ನೋವು ಖರೇ. ಆದ್ರ ಗೆರಿ ಸರಸಿದ್ರ ನೋವೂ ಅದರ ಹಿಂದ ಸರೀತೈತಿ, ಹೋಗಂಗಿಲ್ಲ. ಇವತ್ತ ನಿಮ್ಮ ಅವ್ವನ ಹೆಸರು ನಿಮಗ ಓದಾಕ ಬರವಲ್ದು. ನಾಳೆ ನಮ್ಮ ಅವ್ವನ ಹೆಸರು ನಮಗ ಓದಾಕ ಬರೂದಿಲ್ಲ. ಗೆರಿ ಇದ್ದಲ್ಲೇ ಇರ್ಲಿ. ಈ ನೆಲದಾಗ ಕನ್ನಡ ಹಿರೇ ಸೊಸಿ, ಹಿರೇತನಾ ಬಿಡೂದಿಲ್ಲ. ಆದ್ರ ಹಿರೇ ಸೊಸಿ ಆದಾಕಿ ಎಲ್ಲಾರಿಗೂ ನೀಡಿ ಆಮ್ಯಾಲ ತಾ ಉಣಬೇಕು. ನಿಮ್ಮ ತಾಟಿಗೆ ನೀಡಲಿಲ್ಲ, ಅದು ನಮ್ಮ ತಪ್ಪು."

ಇನ್ನು ಗುರೂಜಿಯ ಸರದಿ. ಅಣ್ಣಾರ ಮಾತನ್ನು ಅವರು ಕನ್ನಡದಲ್ಲಿ, ತಮ್ಮದೇ ಎನ್ನುವ ಹಾಗೆ ಹೇಳಬೇಕು. ಅವರು ಎದ್ದರು. ಅಷ್ಟರಲ್ಲಿ ಬಿಸಿಲು ಬೀಗಕ್ಕೆ ಮುಟ್ಟಿತು, ವೈನಿಯ ಫೋನು ಬಂತು. ಎಲ್ಲರೂ ನಕ್ಕೆವು. "ಗುರೂಜಿ, ನಿಮ್ಮ ಸರದಿ ಮುಂದಿನ ತಿಂಗಳಾ," ಎಂದು ಅಣ್ಣಾರು ಟೋಪಿ ಸರಿಮಾಡಿಕೊಂಡರು. "ಅಷ್ಟರಾಗ ನನ್ನ ಕನ್ನಡ ಜರಾ ತಿದ್ದಕೋತೀನಿ," ಎಂದು ಗುರೂಜಿ ಹರಕು ಕನ್ನಡದಲ್ಲಿ ಅಂದರು. ಇಬ್ಬರೂ ಕೈ ಹಿಡಿದುಕೊಂಡೇ ಮೆಟ್ಟಿಲಿಳಿದರು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಾರೂಗೇರಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದಾನೆ. ಪ್ರತಿ ಚರ್ಚೆಯನ್ನೂ ಕ್ಯಾಮೆರಾದಲ್ಲಿ ಹಿಡಿದು ಇಡಿಯಾಗಿ ತನ್ನ ಚಾನೆಲ್ಲಿಗೆ ಹಾಕುತ್ತಿದ್ದ. ಇದನ್ನೂ ಹಾಕಿದ. ನೋಡುವವರು ಮೊದಲಿನಿಂದಲೂ ನಾವೇ ನಾಲ್ಕು ಮಂದಿ. ಆದರೆ ಈ ಸಲ ಯಾರೋ ಅದರಿಂದ ಒಂದು ತುಂಡು ಕತ್ತರಿಸಿದರು. ಬಿಳಿ ಟೋಪಿಯ ಅಣ್ಣಾರು ದನಿ ನಡುಗಿಸುತ್ತ ಮರಾಠಿಯಲ್ಲಿ 'ನನ್ನ ಊರು ನನ್ನ ಮಾತಿನ ನಾಡಿಗೆ ಸೇರಬೇಕು' ಎನ್ನುವ ತುಂಡು. ಹಿಂದಿಲ್ಲ, ಮುಂದಿಲ್ಲ. ಎರಡು ದಿನಗಳೊಳಗೆ ಅದು ಎಲ್ಲರ ಫೋನಿನಲ್ಲೂ ಇತ್ತು. ಆಚೆಯವರು ಹೂವಿನ ಚಿತ್ರ ಹಚ್ಚಿ ಹಂಚಿದರು, ಈಚೆಯವರು ಬೈಗುಳ ಹಚ್ಚಿ ಹಂಚಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಯಾಕೆ, ಏನು, ಎತ್ತ ಎಂದು ಕೇಳಿದವರು ಒಬ್ಬರೂ ಇಲ್ಲ.

ನಾನು ಹುಡುಗನಿಗೆ ಫೋನಿನಲ್ಲಿ ಬಾಯಿಗೆ ಬಂದ ಹಾಗೆ ಬೈದೆ. "ಲೇ ಶಾಣ್ಯಾ, ನಿನ್ನ ಕ್ಯಾಮೆರಾಕ್ಕ ಬೆಂಕಿ ಹಚ್ಚ!" ಅಂದೆ. ಅವನು ಅಳುತ್ತಿದ್ದ. "ಮ್ಯಾಡಮ್ಮರ, ನಾ ಇಡೀದ ಹಾಕೀನ್ರಿ. ಇಡೀದ ಯಾರೂ ನೋಡವಲ್ರು." ಅವನ ತಪ್ಪೇನೂ ಇರಲಿಲ್ಲ. ನಮ್ಮ ಕಾಯಿದೆ ಆ ಖೋಲಿಯೊಳಗಿನವರಿಗೆ ಗೊತ್ತು. ಹೊರಗಿನವರ ಪಾಲಿಗೆ ಮನುಷ್ಯ ಬಾಯಿಂದ ಆಡಿದ್ದೆಲ್ಲ ಅವನ ಮನಸ್ಸಿನದೇ. ವರ್ಷಗಟ್ಟಲೆ 'ನಾನು' ಎಂದು ಒಬ್ಬರ ಮಾತು ಒಬ್ಬರು ಆಡುತ್ತ ಬಂದ ನಮಗೆ ಆ ಯೋಚನೆ ಒಮ್ಮೆಯೂ ಬರಲಿಲ್ಲ. ಅಷ್ಟೆಲ್ಲ ಇತಿಹಾಸ ಓದಿದ ತಜ್ಞರು ನಾವು.

ನಾನು ಶಿರಗುಪ್ಪಿಗೆ ಓಡಿದೆ. ಅಂಗಡಿಯಲ್ಲಿ ಅಣ್ಣಾರು ಒಬ್ಬರೇ ಕುಳಿತಿದ್ದರು. "ಒಂದು ಮಾತು ಹೇಳ್ರಿ ಅಣ್ಣಾರ. ಅದು ನಂದಲ್ಲ, ಗುರೂಜಿದು ಅಂತ ಕ್ಯಾಮೆರಾ ಮುಂದ ಹೇಳ್ರಿ, ಮುಗೀತು," ಅಂದೆ.

ಅವರು ಮಾದರಿ ಚೀಲದ ಬಾಯಿ ಕಟ್ಟುತ್ತ ಅಂದರು, "ಹೆಂಗ ಹೇಳ್ಲಿ ಅಕ್ಕಾರ? ಆ ಮನಷ್ಯಾ ತನ್ನ ಅವ್ವನ ಮಾತು ನನ್ನ ಬಾಯಾಗ ಇಟ್ಟಾನ. ನಾ ಅದನ್ನ ಥೂ ಅಂತ ಉಗುಳಿದ್ರ ಅಂವಾ ಏನ ತಿಳಕೊಂಡಾನು? ನನ್ನ ಮಾತು ಏನ ಅನ್ನೂದು ಮುಂದಿನ ತಿಂಗಳ ರವಿವಾರ ಅಂವಾನ ಹೇಳ್ತಾನ. ಅಂವನ ಸರದಿ ಐತಲ್ಲ. ನಾ ಹೇಳಿದ್ರ ನಂಬದ ಮಂದಿ ಅಂವಾ ಹೇಳಿದ್ರ ನಂಬ್ತಾರ."

ಅವರಿಗೆ ಬೇಕಾಗಿದ್ದದ್ದು ಅದೊಂದೇ. ತಮ್ಮ ಮಾತನ್ನು ಎದುರಾಳಿಯ ಬಾಯಿಂದ ಊರು ಕೇಳಬೇಕು. ಆ ರವಿವಾರಕ್ಕಾಗಿ ಅವರು ಕಾದರು.

ಅದಕ್ಕೆ ಮೊದಲು ರಾಜ್ಯೋತ್ಸವ ಬಂತು. ಅವರೇ ಜಾಗ ಕೊಟ್ಟ ಶಾಲೆಯವರು ಈ ಸಲ ಧ್ವಜಕ್ಕೆ ಬೇರೆಯವರನ್ನು ಕರೆದರು. 'ಹಿರಿಯರಿಗೆ ತ್ರಾಸು ಬೇಡ' ಎಂದು ನಯವಾಗಿ ಹೇಳಿ ಕಳಿಸಿದರು. ಹೋಗಬೇಡಿ ಎಂದು ವೈನಿ ಅಡ್ಡ ನಿಂತರಂತೆ. ಅಣ್ಣಾರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೋದರು. ತಂದೆ ತಾಯಂದಿರ ಸಾಲಿನ ಹಿಂದೆ, ಗೇಟಿನ ಹತ್ತಿರ ನಿಂತು ನಾಡಗೀತೆಗೆ ದನಿಗೂಡಿಸಿದರು. ಪಕ್ಕದಲ್ಲಿದ್ದವರು ಸ್ವಲ್ಪ ಸರಿದು ನಿಂತರೆಂದು ಆಮೇಲೆ ಕೇಳಿದೆ. ಸಂಜೆ ಫೋನು ಮಾಡಿ ಹೇಗಿತ್ತು ಎಂದೆ. "ಈ ಸಲ ಬಿಸಲು ಭಾಳ ಇತ್ರಿ ಅಕ್ಕಾರ," ಎಂದಷ್ಟೇ ಹೇಳಿದರು. ಫೋನಿಟ್ಟ ಮೇಲೆ ನನಗೆ ಅಳು ತಡೆಯಲಾಗಲಿಲ್ಲ.

ಆ ರವಿವಾರದ ಸಭೆ ಆಗಲಿಲ್ಲ. ವಾಚನಾಲಯದ ಕಮಿಟಿಯವರು ವಾತಾವರಣ ಸರಿಯಿಲ್ಲ, ಎರಡು ತಿಂಗಳು ತಡೆಯೋಣ ಎಂದರು. ಅವರಿಗೂ ಹೆಂಡತಿ ಮಕ್ಕಳು, ವ್ಯಾಪಾರ ಇತ್ತು. ನಾನು ಜಗಳಾಡಿದೆ. ಕಮಿಟಿಯ ಮುಖ್ಯಸ್ಥರು ಕೈ ಮುಗಿದರು, ಕೀಲಿ ಮಾತ್ರ ಕೊಡಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಅಣ್ಣಾರು ಆಡಿದ ಮಾತು ಹೋಗಲಿಲ್ಲ, ಅದು ಊರೂರು ತಿರುಗುತ್ತಲೇ ಇತ್ತು. ಹೋದದ್ದು ಅವರು ನಿಜವಾಗಿ ನಂಬಿದ ಮಾತು. ಅದನ್ನು ಕೇಳಿದ್ದ ನಾವಷ್ಟು ಜನ ಬಿಟ್ಟರೆ ಮತ್ತೆ ಯಾರಿಗೂ ಬೇಕಿರಲಿಲ್ಲ.

ಅಂಗಡಿಗೆ ಜನ ಬರುವುದು ತೀರ ನಿಂತೇನೂ ಹೋಗಲಿಲ್ಲ. ಬಂದವರು ಹವಾಮಾನ ಮಾತಾಡುತ್ತಿದ್ದರು, ಕಬ್ಬಿನ ಕಟಾವಿನ ಸುದ್ದಿ ಮಾತಾಡುತ್ತಿದ್ದರು. ಮೊದಲಿನ ಹಾಗೆ ಗಾದಿಯ ಅಂಚಿಗೆ ಕುಳಿತು, "ಅಣ್ಣಾರ, ಇದರಾಗ ನಿಮ್ಮ ವಿಚಾರ ಏನ್ರಿ?" ಎಂದು ಯಾರೂ ಕೇಳುತ್ತಿರಲಿಲ್ಲ. ಸಂಕ್ರಾಂತಿಗೆ ಎಳ್ಳು ಬೆಲ್ಲ ಕೊಡಲು ಹೋದಾಗ ವೈನಿ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಪಿಸುಗುಟ್ಟಿದರು. "ಈಗ ಹೊತ್ತ ಇರತನಾನ ಮನಿಗೆ ಬರ್ತಾರ್ರಿ ಅಕ್ಕಾ. ಫೋನ್ ಮಾಡೂ ಜರೂರ ಇಲ್ಲ. ಅದ ನನಗ ಹೆದರಿಕಿ."

ಹೊರಗೆ ಅಣ್ಣಾರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ಗುರೂಜಿದು ಫೋನ್ ಬಂದಿತ್ತೇನ್ರಿ? ಕನ್ನಡ ತಿದ್ದಕೊಳ್ಳಾಕತ್ತಾರಂತೇನು?"

ಬಂದಿತ್ತು. ಗುರೂಜಿ ಪ್ರತಿ ವಾರ ನನಗೆ ಫೋನು ಮಾಡುತ್ತಿದ್ದರು. ಅಣ್ಣಾರಿಗೆ ನೇರವಾಗಿ ಮಾಡಲು ಅವರಿಗೆ ಮುಖವಿರಲಿಲ್ಲ. "ಸಭಾ ಕಧೀ?" ಎಂದು ಕೇಳುತ್ತಿದ್ದರು. ಸಭೆ ಯಾವಾಗ? ನಾನು ಮುಂದಿನ ತಿಂಗಳು ಅನ್ನುತ್ತಿದ್ದೆ.

ಮಾಘದ ಕೊನೆಯಲ್ಲಿ ಒಂದು ಬೆಳಗ್ಗೆ ಅಣ್ಣಾರು ಬಸದಿಯಿಂದ ಬಂದು, ಕಟ್ಟೆಯ ಮೇಲೆ ಕುಳಿತವರು ಏಳಲಿಲ್ಲ. ಹೃದಯ ಎಂದರು ಡಾಕ್ಟರು. ಆ ತುಂಡು ವಿಡಿಯೋದಿಂದಲೇ ಹೋದರು ಎಂದು ನಾನು ಬರೆಯುವುದಿಲ್ಲ. ಇತಿಹಾಸ ಕಲಿಸಿದವಳು ನಾನು, ಆಧಾರವಿಲ್ಲದೆ ಕಾರಣ ಕಟ್ಟಬಾರದು. ಆದರೆ ಕಾಯುತ್ತ ಹೋದರು ಎಂಬುದಕ್ಕೆ ನಾನೇ ಸಾಕ್ಷಿ.

ಸತ್ತ ಮೇಲೆ ಎಲ್ಲರಿಗೂ ಅವರು ಬೇಕಾದರು. ವಾಚನಾಲಯದ ಬಾಗಿಲು ತಾನಾಗಿ ತೆರೆಯಿತು. ರವಿವಾರ ಮಧ್ಯಾಹ್ನ ಶ್ರದ್ಧಾಂಜಲಿ ಸಭೆ. ನಮ್ಮ ಚರ್ಚೆಗೆ ಯಾವತ್ತೂ ಬರದಿದ್ದ ಜನ ಮೆಟ್ಟಿಲ ತನಕ ನಿಂತಿದ್ದರು. ಶಾಲೆಯವರು ಬಂದಿದ್ದರು. ಗೇಟಿನ ಹತ್ತಿರ ಸರಿದು ನಿಂತವರೂ ಬಂದಿರಬಹುದು. ಎದುರಿನ ಕುರ್ಚಿಯಲ್ಲಿ ಹಾರ ಹಾಕಿದ ಫೋಟೋ, ಪಕ್ಕದಲ್ಲಿ ವೈನಿ. ಒಬ್ಬರ ಹಿಂದೊಬ್ಬರು ಎದ್ದು ದೊಡ್ಡ ಮನುಷ್ಯರು, ಕೊಡುಗೈ, ಅಜಾತಶತ್ರು ಎಂದರು. ಬದುಕಿದ್ದಾಗ ಒಂದು ಮಾತು ಕೇಳದವರ ಬಾಯಲ್ಲಿ ಎಂಥ ಕನ್ನಡ! ನನಗೆ ಮೈ ಉರಿಯುತ್ತಿತ್ತು.

ಆಗ ಹಿಂದಿನ ಬೆಂಚಿನಿಂದ ಗುರೂಜಿ ಎದ್ದರು. ಕೆಲವರು ಗುರುತು ಹಿಡಿದು ಗುಸುಗುಸು ಅಂದರು. ಅಲ್ಲಲ್ಲಿ ಫೋನುಗಳು ಮೇಲೆದ್ದವು. ಗುರೂಜಿ ಶ್ರದ್ಧಾಂಜಲಿ ಹೇಳಲಿಲ್ಲ. ಫೋಟೋಕ್ಕೆ ಕೈ ಮುಗಿದು, "ಅಣ್ಣಾ, ಮಾಝೀ ಪಾಳೀ," ಎಂದರು. ನನ್ನ ಸರದಿ. ಆಮೇಲೆ ಕನ್ನಡದಲ್ಲಿ, ಒಂದೊಂದೇ ಶಬ್ದ ಹುಡುಕುತ್ತ ಶುರು ಮಾಡಿದರು.

"ನಾನು ಶಿರಗುಪ್ಪಿಯಾಂವ. ಗುರೂಜಿ, ನಿಮ್ಮ ನೋವು ಖರೇ. ಗೆರಿ ಸರಸಿದ್ರ ನೋವೂ ಸರೀತೈತಿ, ಹೋಗಂಗಿಲ್ಲ. ಇವತ್ತ ನಿಮ್ಮ ಅವ್ವ, ನಾಳೆ ನಮ್ಮ ಅವ್ವ. ಎಲ್ಲಾರಿಗೂ ನೀಡಿ ಆಮ್ಯಾಲ ಉಣಬೇಕು. ನಿಮ್ಮ ತಾಟಿಗೆ ನೀಡಲಿಲ್ಲ, ಅದು ನಮ್ಮ ತಪ್ಪು."

ಎಲ್ಲರಿಗೂ ಅದು ಪೂರ್ತಿಯೆನಿಸಿತು. ನನಗೆ ಅನಿಸಲಿಲ್ಲ. ಅವರಿಗೂ ಗೊತ್ತಿತ್ತು, ಕಣ್ಣು ನೆಲದ ಮೇಲಿತ್ತು. ನುಂಗಲಾರದ ಒಂದು ತುತ್ತನ್ನು ಅವರು ತಾಟಿನ ಅಂಚಿಗೆ ಸರಿಸಿದ್ದರು. ಅಣ್ಣಾರಿದ್ದಿದ್ದರೆ ಬಿಡುತ್ತಿರಲಿಲ್ಲ. ಅವರ ಬದಲಿಗೆ ನಾನೇ ಮೆಲ್ಲಗೆ, "ಇನ್ನೊಮ್ಮೆ, ಗುರೂಜಿ," ಅಂದೆ.

ಅವರು ತಲೆಯೆತ್ತಿ ಎತ್ತಿಹಿಡಿದ ಫೋನುಗಳನ್ನು ನೋಡಿದರು. ಆ ತುಂಡು ನಾಳೆ ನಿಪ್ಪಾಣಿಯಲ್ಲಿ ಯಾರ ಯಾರ ಕೈಗೆ ಹೋಗುತ್ತದೆ, ಜೀವಮಾನದ ಸಂಗಾತಿಗಳು ಏನೆನ್ನುತ್ತಾರೆ ಎಂಬುದು ಅವರಿಗಿಂತ ಚೆನ್ನಾಗಿ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಮತ್ತೆ ಮೊದಲಿನಿಂದ ಹೇಳಿದರು. ಈ ಸಲ ಆ ಜಾಗಕ್ಕೆ ಬಂದಾಗ ನಿಂತರು, ಉಸಿರು ಎಳೆದುಕೊಂಡರು.

"ಗೆರಿ ಇದ್ದಲ್ಲೇ ಇರ್ಲಿ," ಎಂದರು. "ಈ ನೆಲದಾಗ ಕನ್ನಡ ಹಿರೇ ಸೊಸಿ. ಹಿರೇತನಾ... ಬಿಡೂದಿಲ್ಲ."

ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಉಳಿದದ್ದನ್ನೂ ಹೇಳಿ ಮುಗಿಸಿದರು. ಫೋಟೋದ ಕಡೆ ತಿರುಗಿ, "ಬರೋಬರಿ ಆತೇನ್ರಿ ಅಣ್ಣಾ?" ಎಂದು ಕೇಳಿದರು.

ನನ್ನ ನಾಲಗೆಯ ತುದಿಗೆ ಹೌದ್ರಿ ಎಂಬುದು ಬಂದಿತ್ತು. ಆದರೆ ಆ ಮಾತನ್ನು ಮಾಲೀಕರು ಬಿಟ್ಟು ಬೇರೆ ಯಾರೂ ಹೇಳುವ ಹಾಗಿಲ್ಲ. ವೈನಿ ಸೆರಗು ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ನೋಡುತ್ತಿದ್ದರು. ಬಿಸಿಲು ಕಪಾಟಿನ ಬೀಗಕ್ಕೆ ಮುಟ್ಟಿತು, ದಾಟಿ ಮೇಲೆ ಹೋಯಿತು. ಕೂಡ್ರಿ ಅನ್ನುವವರು ಇರಲಿಲ್ಲ. ಗುರೂಜಿ ನಿಂತೇ ಇದ್ದರು.